ಆಸ್ಟರ್ ನಿಂತಲ್ಲೇ ಸೊರಗಬಾರದು ಅಂದ್ರೆ: ಜಾಗ ಹುಡುಕೋದರಿಂದ ಬೀಜ ಎತ್ತಿಡೋವರೆಗೂ ಕೆಲಸದ ಕ್ರಮ

"ಗಿಡ ಚೆನ್ನಾಗೇ ಬಂದಿತ್ತು ಕಣಕ್ಕ, ಮೊಗ್ಗೂ ಕಟ್ಟಿತ್ತು, ಎರಡೇ ದಿನದಲ್ಲಿ ತಲೆ ಬಗ್ಗಿಸ್ಬಿಡ್ತು, ಈಗ ಏನು ಹೊಡೀಲಿ?" ಶ್ರಾವಣ ಹತ್ತಿರ ಬಂತು ಅಂದ್ರೆ ಈ ಪ್ರಶ್ನೆ ಶುರು ಆಗುತ್ತೆ, ಶಿಡ್ಲಘಟ್ಟದಿಂದಲೂ ಬರುತ್ತೆ, ಮುಳಬಾಗಿಲಿಂದಲೂ ಬರುತ್ತೆ, ಶಿರಾ ಕಡೆಯಿಂದಲೂ ಬರುತ್ತೆ. ಆ ಹೊತ್ತಿಗೆ ಹೊಡೆಯೋದಕ್ಕೆ ಏನೂ ಉಳಿದಿರಲ್ಲ. ತಪ್ಪು ಆಗಿರೋದು ನಾಲ್ಕು ತಿಂಗಳ ಹಿಂದೆ, ಜಾಗ ನೋಡದೆ ಬೀಜ ತಂದಾಗ. ಅದಕ್ಕೇ ಈ ಸಲ ಯಾವ ಕೆಲಸ ಮೊದಲು ಯಾವುದು ಆಮೇಲೆ ಅನ್ನೋದನ್ನೇ ಹಿಡ್ಕೊಂಡು ಬರೀತಿದೀನಿ, ದಯವಿಟ್ಟು ಹಂತ ಹಾರಿಸಿ ಓದಬೇಡಿ.

ನಾನು ಹೇಳ್ತಿರೋದು ನಮ್ಮ ಮಾರ್ಕೆಟ್ಟಲ್ಲಿ ಆಸ್ಟರ್ ಅಂತ ಕೆಜಿ ಲೆಕ್ಕದಲ್ಲಿ ಮಾರೋ ಹೂವಿನ ಬಗ್ಗೆ, ಅಂದ್ರೆ ಚೈನಾ ಆಸ್ಟರ್, ಸಸ್ಯಶಾಸ್ತ್ರದ ಹೆಸರು ಕ್ಯಾಲಿಸ್ಟೆಫಸ್ ಚೈನೆನ್ಸಿಸ್. ಕಾಡಲ್ಲಿ ಬೆಳೆಯೋ ಮೂಲ ಗಿಡದಲ್ಲಿ ಒಂದೇ ಸುತ್ತು ನೇರಳೆ ಎಸಳು, ನಡುವೆ ಹಳದಿ ಕಣ್ಣು, ಅಷ್ಟೇ ಇರುತ್ತೆ. ಆ ಹಳದಿ ಕಣ್ಣನ್ನ ನೆನಪಿಟ್ಕೊಳಿ, ಕೊನೇ ಹಂತದಲ್ಲಿ ಬೇಕಾಗುತ್ತೆ.

ಶುರು ಮಾಡೋ ಮುಂಚೆ ಕೈಲಿ ಇರಬೇಕಾದ್ದು

ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಒಂದು ಗುಂಟೆ ಇಟ್ಕೊಳ್ಳೋಣ. ಗಿಡದಿಂದ ಗಿಡಕ್ಕೆ, ಸಾಲಿಂದ ಸಾಲಿಗೆ 30 ಸೆಂ.ಮೀ. ಬಿಟ್ರೆ ಓಡಾಡೋ ದಾರಿ ಕಳೆದು ಸುಮಾರು 1000 ಗಿಡ ಕೂರುತ್ತೆ. ಅದಕ್ಕೆ 98 ಗುಳಿಯ ಪ್ರೋಟ್ರೇ (ಸಸಿ ಬೆಳೆಸೋ ಪ್ಲಾಸ್ಟಿಕ್ ತಟ್ಟೆ) 13 ಬೇಕು, 11 ಸಾಕಾಗುತ್ತೆ ಅಂತ ಲೆಕ್ಕ ಹೇಳುತ್ತೆ ಆದ್ರೆ ಹುಟ್ಟದೆ ಇರೋದು ಸತ್ತುಹೋಗೋದು ಇದ್ದೇ ಇರುತ್ತೆ. ತೊಳೆದ ಕೋಕೋಪಿಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ 100 ಕೆಜಿ, ಬೇವಿನ ಹಿಂಡಿ 10 ಕೆಜಿ, ಟ್ರೈಕೋಡರ್ಮಾ (ಮಣ್ಣಿನ ರೋಗ ತಡೆಯೋ ಒಳ್ಳೆ ಶಿಲೀಂಧ್ರ) ಪುಡಿ 1 ಕೆಜಿ, ಸಣ್ಣ ತೂತಿನ ರೋಸ್ ಕ್ಯಾನ್, ಶೇಡ್ ನೆಟ್ಟು, ಹಳದಿ ಅಂಟು ಹಾಳೆ ಒಂದು ನಾಲ್ಕೈದು, ಒಂದು ಹರಿತವಾದ ಸಣ್ಣ ಚಾಕು. ಚಾಕು ಯಾಕೆ ಅಂತ ರೋಗದ ಭಾಗದಲ್ಲಿ ಹೇಳ್ತೀನಿ, ಅದು ಇಲ್ಲದೆ ಆಸ್ಟರ್ ಬೆಳೆಯೋಕೆ ಹೋಗ್ಬೇಡಿ.

ಹಂತ 1: ಮೊದಲು ಜಾಗ, ಬೀಜ ಆಮೇಲೆ

ಆಸ್ಟರ್ ಬೆಳೆದ ಜಾಗದಲ್ಲಿ ಮತ್ತೆ ಆಸ್ಟರ್ ಹಾಕಬೇಡಿ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಕೊಳ್ತೀರಾ ಅಂದ್ರೆ ಇದನ್ನ ಇಟ್ಕೊಳಿ. ಸೊರಗು ರೋಗ ತರೋ ಫ್ಯುಸೇರಿಯಂ ಶಿಲೀಂಧ್ರ ಮಣ್ಣಲ್ಲಿ ವರ್ಷಗಟ್ಟಲೆ ಗಿಡ ಇಲ್ಲದೇನೂ ಬದುಕಿರುತ್ತೆ, ನೀವು ಮತ್ತೆ ಆಸ್ಟರ್ ಹಾಕಿದ ದಿನ ಅದಕ್ಕೆ ಊಟ ಸಿಕ್ಕಿದ ಹಾಗೆ. ನಮ್ಮ ಮನೇಲೂ ಬಾವಿ ಪಕ್ಕದ ಹತ್ತು ಗುಂಟೆಗೆ ಮೊದಲನೇ ವರ್ಷ ಒಳ್ಳೆ ಹೂವು ಬಂತು, ಎರಡನೇ ವರ್ಷ ಅಲ್ಲೊಂದು ಇಲ್ಲೊಂದು ಗಿಡ ಹೋಯ್ತು ನಾವು ನೀರು ಹೆಚ್ಚಾಯ್ತೇನೋ ಅಂದ್ಕೊಂಡ್ವಿ, ಮೂರನೇ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನ ಹದಿನೈದು ದಿನ ಇದೆ ಅನ್ನೋವಾಗ ಅರ್ಧಕ್ಕೆ ಅರ್ಧ ಮಲಗಿತ್ತು. ಅಮ್ಮ ಮೊಗ್ಗು ಇರೋ ಗಿಡಗಳನ್ನ ಕಿತ್ತು ಬದುವಿನ ಮೇಲೆ ಹಾಕ್ತಾ ಇದ್ದದ್ದು ಇನ್ನೂ ಕಣ್ಣ ಮುಂದೆ ಇದೆ.

ಕನಿಷ್ಠ ಮೂರು ನಾಲ್ಕು ವರ್ಷ ಆಸ್ಟರ್ ಕಾಣದ ಜಾಗ ನೋಡಿ. ರಾಗಿ ಅಥವಾ ಜೋಳ ಬೆಳೆದ ಹೊಲ ಆದ್ರೆ ತುಂಬಾ ಒಳ್ಳೇದು. ಟೊಮೇಟೊ ತೆಗೆದ ಜಾಗದಲ್ಲಿ ಹಾಕಬಹುದಾ ಅಂತ ಕೇಳ್ತಾರೆ, ಟೊಮೇಟೊ ಸೊರಗಿಸೋ ಫ್ಯುಸೇರಿಯಂ ಬೇರೆ ಬಗೆ, ಆಸ್ಟರ್‌ಗೆ ಬರೋದೇ ಬೇರೆ, ಅದರ ಭಯ ಬೇಡ, ಆದ್ರೆ ಬೇರಲ್ಲಿ ಗಂಟು ಕಟ್ಟೋ ಜಂತುಹುಳ ಎರಡಕ್ಕೂ ಬರುತ್ತೆ. ಅದಕ್ಕೆ ಹಳೇ ಟೊಮೇಟೊ ಗಿಡ ಒಂದು ಹತ್ತು ಕಿತ್ತು ಬೇರು ನೋಡಿ, ಗಂಟು ಕಂಡ್ರೆ ಆ ಜಾಗಕ್ಕೆ ಈ ಸಲ ಚೆಂಡು ಹೂ ಹಾಕಿ.

ಮಣ್ಣು ನೀರು ಬಸಿದುಹೋಗೋ ಕೆಂಪು ಗೋಡು ಇರಬೇಕು. ಮಳೆ ಬಂದ ಮಾರನೇ ದಿನವೂ ನೀರು ನಿಂತಿದ್ರೆ ಬೇಡ. ಬಿಸಿಲು ದಿನಕ್ಕೆ ಆರು ಗಂಟೆನಾದ್ರೂ ಬೀಳಲೇಬೇಕು, ಮಾವಿನ ಮರದ ನೆರಳಲ್ಲಿ ಗಿಡ ಉದ್ದ ಆಗುತ್ತೆ ಹೂವು ಬರಲ್ಲ. ಮಣ್ಣಿನ ಜೊತೆ ಬೋರ್‌ವೆಲ್ ನೀರನ್ನೂ ಟೆಸ್ಟ್ ಮಾಡಿಸಿ, ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಆಳದ ಬೋರಿನ ಗಡಸು ನೀರು ಸಾಮಾನ್ಯ. ಚಿಂತಾಮಣಿ ಹತ್ತಿರ ಕುರುಬೂರು, ಕೋಲಾರದ ಟಮಕ, ತುಮಕೂರಿನ ಹಿರೇಹಳ್ಳಿ, ಈ ಮೂರು ಕಡೆ ಕೃಷಿ ವಿಜ್ಞಾನ ಕೇಂದ್ರ ಇದೆ, ಬೆಳೆ ಇಡೋ ಎರಡು ತಿಂಗಳು ಮುಂಚೆನೇ ಹೋಗಿ ವಿಚಾರಿಸಿ.

ಹಂತ 2: ಹಬ್ಬದಿಂದ ಹಿಂದಕ್ಕೆ ದಿನ ಎಣಿಸಿ

ಬೀಜ ಬಿತ್ತಿ 30ರಿಂದ 35 ದಿನಕ್ಕೆ ನಾಟಿ, ನಾಟಿ ಆಗಿ ಸುಮಾರು 80–90 ದಿನಕ್ಕೆ ಹೂವು, ಒಟ್ಟು ನಾಲ್ಕು ತಿಂಗಳು ಹಿಡ್ಕೊಳಿ. ಗಣೇಶನ ಹಬ್ಬಕ್ಕೆ ಹೂವು ಬೇಕು ಅಂದ್ರೆ ಮೇ ತಿಂಗಳ ಮೊದಲ ಭಾಗದಲ್ಲಿ ಬೀಜ ಟ್ರೇ ಒಳಗೆ ಇರಬೇಕು, ದಸರಾಗೆ ಜೂನ್, ದೀಪಾವಳಿಗೆ ಜುಲೈ ಮೊದಲ ವಾರ. ಹಬ್ಬ ಪ್ರತಿ ವರ್ಷ ಹಿಂದೆ ಮುಂದೆ ಆಗುತ್ತಲ್ಲ, ಪಂಚಾಂಗ ನೋಡ್ಕೊಂಡೇ ಎಣಿಸಿ. ಎಲ್ಲಾ ಬೀಜ ಒಂದೇ ದಿನ ಬಿತ್ತಬೇಡಿ, ಹತ್ತು ದಿನ ಬಿಟ್ಟು ಎರಡು ಕಂತು ಮಾಡಿ, ಯಾಕಂದ್ರೆ ಆಸ್ಟರ್ ಸೇವಂತಿಗೆ ಥರ ತಿಂಗಳಾನುಗಟ್ಟಲೆ ಹೂವು ಕೊಡಲ್ಲ, ಮೂರು ನಾಲ್ಕು ವಾರದಲ್ಲಿ ಮುಗೀತು.

ಚಳಿಗಾಲಕ್ಕೆ ಬೆಳೆಯೋರಿಗೆ ಇನ್ನೊಂದು ಮಾತು. ಈ ಗಿಡಕ್ಕೆ ಕಾಂಡ ಎದ್ದು ಉದ್ದ ಆಗೋಕೆ ಹಗಲು ಉದ್ದ ಇರಬೇಕು. ನವೆಂಬರ್ ಡಿಸೆಂಬರಲ್ಲಿ ಹಗಲು ಚಿಕ್ಕದಾದಾಗ ಎಳೇ ಗಿಡ ನೆಲಕ್ಕೆ ಅಂಟ್ಕೊಂಡು ಎಲೆ ಮಾತ್ರ ಹರಡಿ ಕೂರೋ ಸ್ವಭಾವ ಇದೆ. ಗೊಬ್ಬರ ಕಮ್ಮಿ ಆಯ್ತು ಅಂತ ಯೂರಿಯಾ ಸುರಿಯೋರು ಬಹಳ ಜನ, ಅದರಿಂದ ಕಾಂಡ ಏಳಲ್ಲ, ಹುಳ ಬರುತ್ತೆ ಅಷ್ಟೇ.

ಹಂತ 3: ಬೀಜ ತಂದ ದಿನವೇ ಪರೀಕ್ಷೆ

ಆಸ್ಟರ್ ಬೀಜಕ್ಕೆ ಆಯಸ್ಸು ಕಮ್ಮಿ. ಮನೇಲಿ ಸುಮ್ನೆ ಇಟ್ಟ ಬೀಜ ಒಂದು ವರ್ಷ ದಾಟಿತು ಅಂದ್ರೆ ಮೊಳಕೆ ಗಣನೀಯವಾಗಿ ಬಿದ್ದುಹೋಗುತ್ತೆ. ಪ್ಯಾಕೆಟ್ ಮೇಲೆ ಯಾವ ತಿಂಗಳು ಪರೀಕ್ಷೆ ಮಾಡಿದ್ದು ಅಂತ ಬರೆದಿರುತ್ತೆ, ಬಣ್ಣದ ಚಿತ್ರ ನೋಡೋ ಮುಂಚೆ ಆ ತಾರೀಖು ನೋಡಿ. ನನಗೆ ಒಂದ್ಸಲ ಅಂಗಡಿಯಲ್ಲಿ ಚಿಲ್ಲರೆ ತೂಕದಲ್ಲಿ ಕಟ್ಟಿಕೊಟ್ಟ ಬೀಜದಲ್ಲಿ ನಾಲ್ಕು ಟ್ರೇಗೆ ಇಪ್ಪತ್ತು ಸಸಿನೂ ಬರಲಿಲ್ಲ, ದುಡ್ಡು ಹೋದ್ರೆ ಹೋಗ್ಲಿ, ಹಬ್ಬದ ದಿನದ ಲೆಕ್ಕ ತಪ್ಪಿಹೋಯ್ತಲ್ಲ ಅದು ವಾಪಸ್ ಬರಲ್ಲ.

ಹಾಗಾಗಿ 20 ಬೀಜ ಎಣಿಸಿ ಒದ್ದೆ ಹತ್ತಿ ಬಟ್ಟೇಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ ನೆರಳಲ್ಲಿಡಿ. ಎಂಟು ದಿನ ಬಿಟ್ಟು ಎಣಿಸಿ. 15 ಅಥವಾ ಅದಕ್ಕಿಂತ ಹೆಚ್ಚು ಮೊಳೆತಿದ್ರೆ ಗುಳಿಗೆ ಒಂದೊಂದೇ ಬೀಜ ಸಾಕು, 10–14 ಬಂದ್ರೆ ಗುಳಿಗೆ ಎರಡೆರಡು, ಅದಕ್ಕಿಂತ ಕಮ್ಮಿ ಆದ್ರೆ ಬೇರೆ ಬೀಜ ತನ್ನಿ.

ತಳಿ ವಿಷ್ಯಕ್ಕೆ ಬಂದ್ರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ (ಐಐಎಚ್‌ಆರ್) ಬಿಟ್ಟಿರೋ ಕಾಮಿನಿ ಗಾಢ ಗುಲಾಬಿ, ಪೂರ್ಣಿಮಾ ಬಿಳಿ, ಶಶಾಂಕ್ ಕೆನೆ ಬಿಳಿ, ವಯಲೆಟ್ ಕುಷನ್ ನೇರಳೆ. ನಮ್ಮ ಸೀಮೆಗೆ ಇವು ಹೊಂದಿಕೊಂಡಿರೋ ತಳಿಗಳು. ಪುಣೆ ಕಡೆಯ ಫುಲೆ ಗಣೇಶ್ ತಳಿಗಳೂ ಸಿಗುತ್ತವೆ. ಮೊದಲ ಸಲ ಬೆಳೆಯೋರು ಒಂದೇ ಬಣ್ಣ ನಂಬ್ಕೊಬೇಡಿ, ಬಿಳಿ ಒಂದು, ನೇರಳೆ ಅಥವಾ ಗುಲಾಬಿ ಒಂದು ಹಾಕಿ.

ಹಂತ 4: ಸಸಿ ಮಾಡೋದು

ಕೋಕೋಪಿಟ್ ಇಟ್ಟಿಗೆಯನ್ನ ನೀರಲ್ಲಿ ನೆನೆಸಿ, ನೀರು ಬಸಿದು, ಮತ್ತೆ ಹೊಸ ನೀರು ಹಾಕಿ, ಎರಡು ಮೂರು ಸಲ ತೊಳೀರಿ. ಕೋಕೋಪಿಟ್‌ನಲ್ಲೂ ಉಪ್ಪಿರುತ್ತೆ, ಬೋರ್ ನೀರಲ್ಲೂ ಇರುತ್ತೆ, ಎರಡೂ ಸೇರಿದ್ರೆ ಎಳೇ ಬೇರು ಸುಟ್ಟುಹೋಗುತ್ತೆ. ಟ್ರೇ ಮೇಲೆ ಬಿಳಿ ಪೊರೆ ಥರ ಕಟ್ಟಿದ್ರೆ, ಎಲೆ ತುದಿ ಕಂದು ಆಗ್ತಾ ಇದ್ರೆ ಉಪ್ಪಿನ ಗುರುತು ಅದು. ಸಸಿಗೆ ಮಾತ್ರನಾದ್ರೂ ಹಿಡಿದಿಟ್ಟ ಮಳೆ ನೀರು ಕೊಡಿ.

ತೊಳೆದ ಕೋಕೋಪಿಟ್‌ಗೆ ಒಂದು ಹಿಡಿ ಟ್ರೈಕೋಡರ್ಮಾ ಕಲಸಿ ಗುಳಿ ತುಂಬಿ. ಬೆರಳಲ್ಲಿ ಅರ್ಧ ಸೆಂ.ಮೀ. ಅಷ್ಟೇ ಒತ್ತಿ, ಬೀಜ ಇಟ್ಟು ಮೇಲೆ ತೆಳ್ಳಗೆ ಪುಡಿ ಉದುರಿಸಿ. ಆಳಕ್ಕೆ ಹೋದ ಬೀಜ ಮೇಲೆ ಬರಲ್ಲ. ಟ್ರೇಗಳನ್ನ ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಶೀಟ್ ಮುಚ್ಚಿ ನೆರಳಲ್ಲಿಡಿ, ನಾಲ್ಕನೇ ದಿನದಿಂದ ದಿನಾ ಬೆಳಿಗ್ಗೆ ತೆಗೆದು ನೋಡಿ, ಒಂದೆರಡು ಬಿಳಿ ಮೊಳಕೆ ತಲೆ ಎತ್ತಿದ್ದು ಕಂಡ ತಕ್ಷಣ ಬಿಡಿಸಿ ಶೇಡ್ ನೆಟ್ ಕೆಳಗೆ ಹರಡಿ. ಇಲ್ಲಿ ಒಂದು ದಿನ ತಡ ಮಾಡಿದ್ರೂ ಸಸಿ ದಾರದ ಥರ ಉದ್ದ ಆಗಿ ಬೀಳುತ್ತೆ. ಆರರಿಂದ ಹತ್ತು ದಿನದೊಳಗೆ ಎಲ್ಲಾ ಹುಟ್ಟಿರುತ್ತೆ.

ಟ್ರೇ ಬೇಡ ನೆಲದಲ್ಲೇ ಮಾಡ್ತೀನಿ ಅನ್ನೋರು ಏಪ್ರಿಲ್‌ನಲ್ಲೇ ಮಡಿ ಕಟ್ಟಿ, ಅಗಲ 1 ಮೀಟರ್, ಎತ್ತರ 15 ಸೆಂ.ಮೀ., ಚೆನ್ನಾಗಿ ನೀರು ಹಾಯಿಸಿ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ಅಂಚಿಗೆಲ್ಲಾ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಡಿ. ಆ ಕಾವಿಗೆ ಮಣ್ಣಿನ ರೋಗ, ಕಳೆ ಬೀಜ ಬಹಳಷ್ಟು ಸಾಯುತ್ತೆ. ಕಪ್ಪು ಶೀಟ್ ಹಾಕಿದ್ರೆ ಅಷ್ಟು ಕಾವು ಒಳಗೆ ಇಳಿಯಲ್ಲ. ಆಮೇಲೆ 5 ಸೆಂ.ಮೀ. ಗೆ ಒಂದು ಗೆರೆ ಎಳೆದು ಬಿತ್ತಿ, ರಾಗಿ ಹುಲ್ಲು ತೆಳ್ಳಗೆ ಮುಚ್ಚಿ, ಹುಟ್ಟಿದ ಕೂಡ್ಲೇ ಹುಲ್ಲು ತೆಗೀರಿ.

ಸಸಿ ಹಂತದ ದೊಡ್ಡ ಶತ್ರು ಬುಡ ಕೊಳೆಯೋದು. ಬೆಳಿಗ್ಗೆ ನೋಡಿದ್ರೆ ಸಸಿ ಮಲಗಿರುತ್ತೆ, ಮಣ್ಣಿಗೆ ತಾಗೋ ಜಾಗದಲ್ಲಿ ಕಾಂಡ ನೀರಲ್ಲಿ ನೆಂದ ನೂಲಿನ ಥರ ಸಣ್ಣ ಆಗಿರುತ್ತೆ. ಬಾಡಿದೆ ಅಂತ ನೀರು ಹಾಕ್ತಾರೆ, ಅಲ್ಲಿಗೆ ಇಡೀ ಟ್ರೇ ಹೋಯ್ತು. ನೀರು ನಿಲ್ಲಿಸಿ, ಮಲಗಿದ ಸಸಿ ಸುತ್ತಲಿನ ಗುಳಿಗಳನ್ನೂ ತೆಗೆದು ಎಸೀರಿ, ಗಾಳಿ ಆಡೋ ಹಾಗೆ ಟ್ರೇ ಬಿಡಿಸಿಡಿ, ಶಿಲೀಂಧ್ರ ಸಾಯಿಸೋ ಔಷಧಿ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಕಲಸಿ ಬುಡಕ್ಕೆ ಹಾಕಿ. ಕೈಗೆ ಗ್ಲೌಸ್ ಇರಲಿ. ಈ ಔಷಧಿ ಹಾಕಿದ ಮೇಲೆ ಹದಿನೈದು ದಿನ ಟ್ರೈಕೋಡರ್ಮಾ ಹಾಕಬೇಡಿ, ಅದೂ ಶಿಲೀಂಧ್ರನೇ, ಒಂದರ ದುಡ್ಡು ಇನ್ನೊಂದು ತಿಂದ ಹಾಗಾಗುತ್ತೆ.

ಹಂತ 5: ಹೊಲದ ಮಡಿ ಮತ್ತು ಗೊಬ್ಬರ

ಬೀಜ ಬಿತ್ತಿದ ವಾರದಲ್ಲೇ ಈ ಕೆಲಸ ಶುರು ಮಾಡಿ. ತಿಪ್ಪೆ ಗೊಬ್ಬರ, ಬೇವಿನ ಹಿಂಡಿ, ಟ್ರೈಕೋಡರ್ಮಾ ಮೂರನ್ನೂ ನೆರಳಲ್ಲಿ ಕಲಸಿ, ಹಿಡಿದ್ರೆ ಉಂಡೆ ಆಗೋ ಅಷ್ಟು ತೇವ ಮಾಡಿ, ಗೋಣಿ ಚೀಲ ಮುಚ್ಚಿ 15 ದಿನ ಬಿಡಿ, ನಡುವೆ ಒಂದ್ಸಲ ತಿರುವಿ. ಮೇಲೆ ಹಸಿರು ಬೂಸಲು ಹಿಡಿದ್ರೆ ಚೆನ್ನಾಗಿ ಬಂದಿದೆ ಅಂತ ಅರ್ಥ, ಕೆಟ್ಟುಹೋಯ್ತು ಅಂತ ಬಿಸಾಡಬೇಡಿ. ಹಸಿ ಸೆಗಣಿ ಮಾತ್ರ ಯಾವ ಕಾರಣಕ್ಕೂ ಬೇಡ.

ಏರು ಮಡಿ ಮಾಡಿ ಈ ಗೊಬ್ಬರ ಸೇರಿಸಿ, ಡ್ರಿಪ್ ಪೈಪ್ ಎಳೀರಿ. ರಾಸಾಯನಿಕ ಗೊಬ್ಬರ ಎಷ್ಟು ಅನ್ನೋದು ಮಣ್ಣು ಪರೀಕ್ಷೆ ಚೀಟಿ ಹೇಳಬೇಕು, ಆದ್ರೆ ಹಂಚೋ ಕ್ರಮ ಇದು: ರಂಜಕ ಪೊಟ್ಯಾಶ್ ಪೂರ್ತಿ, ಸಾರಜನಕ ಅರ್ಧ ನಾಟಿ ಹೊತ್ತಿಗೆ, ಉಳಿದ ಅರ್ಧ ಸಾರಜನಕ ನಾಟಿ ಆದ 40 ದಿನಕ್ಕೆ.

ಹಂತ 6: ನಾಟಿ

ನಾಲ್ಕೈದು ನಿಜವಾದ ಎಲೆ ಬಂದಿರಬೇಕು, ಗುಳಿಯಿಂದ ಎಳೆದ್ರೆ ಬೇರು ಮಣ್ಣನ್ನ ಹಿಡ್ಕೊಂಡೇ ಬರಬೇಕು. 45 ದಿನ ದಾಟಿದ ಮುದಿ ಸಸಿ ಅಗ್ಗಕ್ಕೆ ಸಿಕ್ಕಿದ್ರೂ ತರಬೇಡಿ, ಅದು ಗಿಡ ಆಗೋ ಮುಂಚೆನೇ ಮೊಗ್ಗು ಬಿಟ್ಟು ಕೂರುತ್ತೆ. ನಾಟಿಗೆ ನಾಲ್ಕು ದಿನ ಮುಂಚೆ ಶೇಡ್ ನೆಟ್ ತೆಗೆದು ನೀರು ಸ್ವಲ್ಪ ಕಮ್ಮಿ ಮಾಡಿ ಸಸಿನ ಗಟ್ಟಿ ಮಾಡಿ.

ಸಾಯಂಕಾಲ ನಾಲ್ಕರ ಮೇಲೆ ನಾಟಿ ಮಾಡಿ. ಟ್ರೇಯಲ್ಲಿ ಎಷ್ಟು ಆಳ ಇತ್ತೋ ಅಷ್ಟೇ ಆಳ. ಟೊಮೇಟೊ ಅಭ್ಯಾಸ ಇರೋರು ಇಲ್ಲಿ ತಪ್ಪು ಮಾಡ್ತಾರೆ, ಟೊಮೇಟೊನ ಕುತ್ತಿಗೆವರೆಗೂ ಹೂತರೆ ಕಾಂಡದಲ್ಲಿ ಬೇರು ಬಿಡುತ್ತೆ, ಆಸ್ಟರ್‌ನ ಹಾಗೆ ಹೂತ್ರೆ ನಡು ಕೊಳೆಯುತ್ತೆ. ನೆಟ್ಟು ಬುಡ ಮೆಲ್ಲಗೆ ಒತ್ತಿ ತಕ್ಷಣ ನೀರು ಕೊಡಿ. ಸತ್ತ ಜಾಗಕ್ಕೆ ಒಂದು ವಾರದೊಳಗೆ ಮರುನಾಟಿ, ಆಮೇಲೆ ಹಾಕಿದ್ದು ಪಕ್ಕದ ಗಿಡದ ನೆರಳಲ್ಲಿ ಮೇಲೆ ಬರಲ್ಲ.

ಟೆರೇಸ್ ಮೇಲೆ ಬೆಳೆಯೋರಿಗೆ: 8 ಇಂಚಿನ ಕುಂಡಕ್ಕೆ ಒಂದೇ ಗಿಡ, ಪ್ರತಿ ಸಲ ಹೊಸ ಮಣ್ಣು, ಹಳೇ ಆಸ್ಟರ್ ಕುಂಡದ ಮಣ್ಣು ತುಳಸಿಗೋ ಕೊತ್ತಂಬರಿಗೋ ಹೋಗ್ಲಿ. ಮಿಕ್ಕಿದ್ದೆಲ್ಲಾ ಇದೇ.

ಹಂತ 7: ಕುಡಿ ಚಿವುಟೋದು, ನೀರು, ಕಳೆ

ನಾಟಿ ಆಗಿ ಒಂದು ತಿಂಗಳಿಗೆ ನಡು ಕುಡಿ ಚಿವುಟಿ. ತುದಿಯ ಎಳೇ ಎರಡೆಲೆ ಸಮೇತ ಉಗುರಲ್ಲಿ ತೆಗೆದ್ರೆ ಸಾಕು, ಪಕ್ಕದ ಕವಲು ಒಡೆಯುತ್ತೆ, ಹೂವಿನ ಸಂಖ್ಯೆ ಹೆಚ್ಚುತ್ತೆ. ನಡು ಕುಡಿಯಲ್ಲಿ ಕಡಲೆಕಾಳಿನಷ್ಟು ಮೊಗ್ಗು ಕಂಡ ಮೇಲೆ ಚಿವುಟಿದ್ರೆ ಹಬ್ಬಕ್ಕೆ ಸಿಗೋ ಹೂವು ಹೋಯ್ತು ಅಂತಲೇ, ಆಗ ಕೈ ಹಾಕಬೇಡಿ. ಉದ್ದ ಕಡ್ಡಿಯ ದೊಡ್ಡ ಹೂವು ಹೂಗುಚ್ಛಕ್ಕೆ ಬೇಕು ಅನ್ನೋರು ಚಿವುಟೋದೇ ಬೇಡ.

ನೀರು ಡ್ರಿಪ್ಪಲ್ಲಿ, ಬುಡಕ್ಕೆ, ಬೆಳಗ್ಗೆ ಹೊತ್ತು. ಎರಡು ದಿನಕ್ಕೋ ಮೂರು ದಿನಕ್ಕೋ ಅಂತ ನನ್ನ ಕೇಳಬೇಡಿ, ಬೆರಳನ್ನ ಮಣ್ಣಿಗೆ ಎರಡು ಗೆಣ್ಣು ಇಳಿಸಿ, ತಣ್ಣಗಿದ್ರೆ ಬೇಡ, ಒಣಗಿದ್ರೆ ಕೊಡಿ. ಸಂಜೆ ಪೈಪ್ ಹಿಡಿದು ಗಿಡದ ಮೇಲೆ ಚಿಮುಕಿಸಿದ್ರೆ ರಾತ್ರಿಯೆಲ್ಲಾ ಎಲೆ ಒದ್ದೆ, ಎಲೆ ಚುಕ್ಕಿ ರೋಗ ಕರೆದು ಕೂರಿಸಿದ ಹಾಗೆ. ಆಸ್ಟರ್ ಬೇರು ಮೇಲ್ಮಣ್ಣಲ್ಲೇ ಹರಡಿರುತ್ತೆ, ಅದಕ್ಕೆ ಕಳೆ ಕೀಳುವಾಗ ಕುರ್ಪಿನ ಆಳಕ್ಕೆ ಹಾಕಬೇಡಿ, ಗಾಯ ಆದ ಬೇರಿಂದಲೇ ರೋಗ ಒಳಗೆ ಹೋಗೋದು.

ಹಂತ 8: ಅಪಾಯದ ಗುರುತು, ದಿನಕ್ಕೆ ಹತ್ತು ನಿಮಿಷ

ಬೆಳಿಗ್ಗೆ ಒಂದ್ಸಲ ಸಾಲಲ್ಲಿ ನಡೀರಿ, ಜೇಬಲ್ಲಿ ಚಾಕು ಇರಲಿ.

ಸೊರಗು ರೋಗ ಮೊದಲು ಗಿಡದ ಒಂದೇ ಪಕ್ಕದಲ್ಲಿ ಕಾಣುತ್ತೆ. ಒಂದು ಕಡೆಯ ಕೆಳಗಿನ ಎಲೆ ಮಂಕು ಹಳದಿ, ಇನ್ನೊಂದು ಕಡೆ ಹಸಿರಾಗೇ ಇರುತ್ತೆ, ಕೆಲವೊಮ್ಮೆ ಒಂದೇ ಎಲೆಯಲ್ಲಿ ನಡುನರದ ಈ ಕಡೆ ಅರ್ಧ ಹಳದಿ ಆ ಕಡೆ ಅರ್ಧ ಹಸಿರು. ಅನುಮಾನ ಬಂದ್ರೆ ಗಿಡ ಕಿತ್ತು ಬುಡದ ಮೇಲಿನ ಕಾಂಡವನ್ನ ಉದ್ದಕ್ಕೆ ಸೀಳಿ ನೋಡಿ. ಒಳಗೆ ತಿಳಿ ಹಸಿರು ಇದ್ರೆ ನೀರಿನ ಸಮಸ್ಯೆ ಇರಬಹುದು, ಸಿಪ್ಪೆ ಕೆಳಗೆ ಕಾಫಿ ಬಣ್ಣದ ಗೆರೆ ಎಳೆದ ಹಾಗಿದ್ರೆ ಫ್ಯುಸೇರಿಯಂ. ಹೆಚ್ಚಾದಾಗ ಬುಡದ ಮೇಲೆ ತಿಳಿ ಗುಲಾಬಿ ಪುಡಿ ಥರ ಕೂತಿರುತ್ತೆ. ಆ ಗಿಡಕ್ಕೆ ಔಷಧಿ ಇಲ್ಲ. ಬುಡದ ಮಣ್ಣು ಸಮೇತ ಚೀಲಕ್ಕೆ ಹಾಕ್ಕೊಂಡು ಹೊರಗೆ ಒಯ್ದು ಸುಡಿ, ಅಕ್ಕಪಕ್ಕದ ಗಿಡಗಳ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಹಾಕಿ, ಚಾಕು ಗುದ್ದಲಿ ತೊಳೀರಿ. ಆ ಸಾಲಿನ ನೀರು ಬೇರೆ ಸಾಲಿಗೆ ಹರಿಯದ ಹಾಗೆ ನೋಡ್ಕೊಳಿ, ಕಾಲುವೇಲಿ ನೀರು ಹಾಯಿಸೋ ಹೊಲದಲ್ಲಿ ರೋಗ ನೀರಿನ ಜೊತೆನೇ ಓಡುತ್ತೆ.

ಎರಡನೇದು ಆಸ್ಟರ್ ಯೆಲ್ಲೋಸ್, ಇದನ್ನ ಜನ ಗುರುತೇ ಹಿಡಿಯಲ್ಲ. ಎಳೇ ಎಲೆ ಬೆಳ್ಳಗಾಗಿ ಹಳದಿ ತಿರುಗುತ್ತೆ, ಬುಡದಿಂದ ಸಣ್ಣ ಸಣ್ಣ ಕವಲು ಪೊರಕೆ ಥರ ಎದ್ದು ಬರುತ್ತೆ, ಹೂವಿನ ಎಸಳು ಬಣ್ಣ ತಿರುಗದೆ ಹಸಿರಾಗೇ ಉಳಿಯುತ್ತೆ. ಹೊಸ ಬಣ್ಣ ಬಂದಿದೆ ಅಂತ ಖುಷಿಯಿಂದ ಫೋಟೋ ಕಳಿಸಿದೋರೂ ಇದ್ದಾರೆ, ಅವರಿಗೆ ನಿಜ ಹೇಳೋಕೆ ಬೇಜಾರಾಗುತ್ತೆ. ಇದು ಫೈಟೋಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿಯಿಂದ ಬರೋದು, ಗಿಡದಿಂದ ಗಿಡಕ್ಕೆ ಹೊತ್ಕೊಂಡು ಹೋಗೋದು ಜಿಗಿಹುಳು. ಇದಕ್ಕೂ ಮದ್ದಿಲ್ಲ, ಕಂಡ ಗಿಡ ಅವತ್ತೇ ಕೀಳಬೇಕು. ಬದುವಿನ ಕಳೆ ಸವರಿ, ಹಳದಿ ಅಂಟು ಹಾಳೆಗಳನ್ನ ಗಿಡದ ತಲೆಗಿಂತ ಸ್ವಲ್ಪ ಮೇಲೆ ಕಟ್ಟಿ, ಬೇವಿನ ಎಣ್ಣೆ ಲೀಟರಿಗೆ 3–5 ಮಿ.ಲೀ. ಸ್ವಲ್ಪ ಸೋಪು ನೀರಿನ ಜೊತೆ ಕಲಸಿ ಹತ್ತು ದಿನಕ್ಕೊಂದ್ಸಲ ಸಂಜೆ ಎಲೆ ಅಡಿಗೆ ಬೀಳೋ ಹಾಗೆ ಹೊಡೀರಿ.

ಮಿಕ್ಕಿದ್ದು ಗುಣ ಮಾಡಬಹುದಾದವು. ಎಲೆ ಅಡಿ ಬೂದು ಮಿಂಚು, ಎಸಳ ಅಂಚು ಕಂದು ಆದ್ರೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಹುಳ, ಎಲೆ ಮೇಲೆ ಹಾವಿನ ದಾರಿ ಥರ ಬಿಳಿ ಗೆರೆ ಇದ್ರೆ ರಂಗೋಲಿ ಹುಳ, ಮೊಗ್ಗಲ್ಲಿ ತೂತು ಇದ್ರೆ ಒಳಗೆ ಹಸಿರು ಹುಳ ಇರುತ್ತೆ. ಹುಳ ಹತ್ತಿಪ್ಪತ್ತು ಇದ್ರೆ ಕೈಯಲ್ಲೇ ಆರಿಸಿ. ಅಂಗಡಿಯಲ್ಲಿ ಮೂರು ಬಾಟಲಿ ಕಲಸಿ ಹೊಡೀರಿ ಅಂತ ಹೇಳಿದ್ರೆ ಕೇಳಬೇಡಿ, ಹುಳದ ಫೋಟೋ ತಕ್ಕೊಂಡು ತೋಟಗಾರಿಕೆ ಇಲಾಖೆಯೋರಿಗೋ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಿ ಆಮೇಲೆ ದುಡ್ಡು ಹಾಕಿ.

ಹಂತ 9: ಕೊಯ್ಲು

ಬಿಡಿ ಹೂವಿಗೆ ಪೂರ್ತಿ ಅರಳಿದ್ದೇ ಕೀಳಬೇಕು, ಕಡ್ಡಿ ಸಮೇತ ಮಾರೋದಾದ್ರೆ ಹೊರಗಿನ ಎಸಳು ಬಿಚ್ಚಿದಾಗಲೇ ಕತ್ತರಿಸಬೇಕು. ಇಬ್ಬನಿ ಆರಿದ ಮೇಲೆ, ಬಿಸಿಲು ಏರೋ ಮುಂಚೆ, ಇಲ್ಲಾಂದ್ರೆ ಸಂಜೆ. ಬುಟ್ಟಿ ಅಥವಾ ಗೋಣಿ ಚೀಲದಲ್ಲಿ ತುಂಬಿ, ಪ್ಲಾಸ್ಟಿಕ್ ಕವರ್ ಬೇಡ. ತಾಜಾ ಕಾಣ್ಲಿ ಅಂತ ನೀರು ಚಿಮುಕಿಸಿದ್ರೆ ಚಿಕ್ಕಬಳ್ಳಾಪುರದ ಮಾರ್ಕೆಟ್ ತಲುಪೋ ಹೊತ್ತಿಗೇ ಬಿಳಿ ಹೂವಿನ ಎಸಳು ಕಪ್ಪಾಗಿರುತ್ತೆ, ಬೆಂಗಳೂರಿಗೆ ಹೋಗೋದಂತೂ ದೂರದ ಮಾತು.

ಹೂವು ಮುಗಿದ ಮೇಲೆ ಗಿಡ ಕತ್ತರಿಸಿ ನೀರು ಗೊಬ್ಬರ ಕೊಟ್ಟು ಮತ್ತೆ ಚಿಗುರುತ್ತೆ ಅಂತ ಕಾಯೋರು ಪ್ರತಿ ವರ್ಷ ಸಿಗ್ತಾರೆ. ಸೇವಂತಿಗೆ ಬುಡದಿಂದ ಮರಿ ಬಿಡುತ್ತೆ, ಆಸ್ಟರ್ ಬಿಡಲ್ಲ, ಇದು ಒಂದೇ ಬೆಳೆಯ ಗಿಡ. ಕಾದಷ್ಟೂ ಆ ಜಾಗದಲ್ಲಿ ರೋಗ ಬೆಳೆಸ್ತಾ ಇರ್ತೀರಿ.

ಹಂತ 10: ಬೀಜ ಎತ್ತೋದು, ಜಾಗ ಖಾಲಿ ಮಾಡೋದು

ಹೂವು ಜೋರಾಗಿರೋವಾಗಲೇ 15–20 ಒಳ್ಳೆ ಗಿಡಕ್ಕೆ ಬಣ್ಣದ ದಾರ ಕಟ್ಟಿ, ಅದರ ಹೂವು ಕೀಳಬೇಡಿ. ಆಸ್ಟರ್ ಹೆಚ್ಚಾಗಿ ತನ್ನ ಪರಾಗದಲ್ಲೇ ಬೀಜ ಕಟ್ಟೋದ್ರಿಂದ ತಳಿ ಬಹುತೇಕ ಹಾಗೇ ಬರುತ್ತೆ, ಆದ್ರೂ ಜೇನು ನೊಣ ಸ್ವಲ್ಪ ಬೆರೆಸುತ್ತೆ. ನಾಲ್ಕೈದು ತಲೆಮಾರು ಆರಿಸದೆ ಬೀಜ ಎತ್ತಿದ್ರೆ ಎಸಳು ಕಮ್ಮಿ ಆಗಿ ನಡುವೆ ಹಳದಿ ಕಣ್ಣು ಬಿಟ್ಟ ಹೂವು ಹೆಚ್ಚಾಗ್ತಾ ಹೋಗುತ್ತೆ, ಕಾಡು ರೂಪದ ಕಡೆ ತಿರುಗ್ತಾ ಇದೆ ಅಂತ. ಅಂಥ ಗಿಡದಿಂದ ಬೀಜ ಎತ್ತಬೇಡಿ. ಸೊರಗಿದ ಗಿಡದಿಂದ, ಸೊರಗಿದ ಸಾಲಿಂದ ಕೂಡ ಬೇಡ, ರೋಗ ಬೀಜದ ಮೇಲೂ ಕೂತು ಬರುತ್ತೆ.

ಹೂವು ಒಣಗಿ ಕಂದು ಆಗಿ ನಡುವೆ ಬಿಳಿ ನವಿರು ಕಾಣಿಸಿದಾಗ ತಲೆ ಕೊಯ್ದು, ಪೇಪರ್ ಮೇಲೆ ನೆರಳಲ್ಲಿ ಒಂದು ವಾರ ಒಣಗಿಸಿ, ಕೈಯಲ್ಲಿ ತಿಕ್ಕಿ ಮೊರದಲ್ಲಿ ಮೆಲ್ಲಗೆ ಕೇರಿ. ಜೋರಾಗಿ ಗಾಳಿಗೆ ತೂರಬೇಡಿ, ಬೀಜ ಹಗುರ, ಹೊಟ್ಟಿನ ಜೊತೆನೇ ಹೋಗ್ಬಿಡುತ್ತೆ. ಪೇಪರ್ ಕವರಲ್ಲಿ ಹಾಕಿ, ಗಾಳಿ ಆಡದ ಡಬ್ಬಿಯಲ್ಲಿಟ್ಟು ಫ್ರಿಜ್ ಕೆಳಗಿನ ಅರೆಯಲ್ಲಿಡಿ. ಕವರ್ ಮೇಲೆ ಬಣ್ಣ, ಬೀಜ ಎತ್ತಿದ ತಿಂಗಳು, ಯಾವ ಹೊಲದ್ದು, ಮೂರೂ ಬರೀರಿ.

ಬೀಜ ಎತ್ತಿದ ವಾರವೇ ಎಲ್ಲಾ ಗಿಡ ಬೇರು ಸಮೇತ ಕಿತ್ತು ಹೊರಗೆ ಸುಡಿ, ತಿಪ್ಪೆಗೆ ಹಾಕಬೇಡಿ, ಹಾಕಿದ್ರೆ ಆ ರೋಗವನ್ನ ಮುಂದಿನ ವರ್ಷ ನೀವೇ ಗೊಬ್ಬರದ ಜೊತೆ ಹೊತ್ಕೊಂಡು ಹೊಲಕ್ಕೆ ಹಾಕ್ತೀರಿ. ನಾವು ಈಗ ಗೋಡೆ ಕ್ಯಾಲೆಂಡರ್ ಹಿಂದೆ ಹೊಲದ ನಕ್ಷೆ ಬರೆದು ಯಾವ ವರ್ಷ ಯಾವ ಮಡೀಲಿ ಆಸ್ಟರ್ ಇತ್ತು ಅಂತ ಗುರುತು ಹಾಕ್ತೀವಿ, ಬಾವಿ ಪಕ್ಕದ ಆ ಹತ್ತು ಗುಂಟೇಲಿ ಈಗ ರಾಗಿ ಇದೆ.